ಬಾರದ ಸಂಚಿಕೆಗೂ ಲೆಕ್ಕವಿಡುವ ವಾಚನಾಲಯ

ಕೊಡಗಿನ ಪಟ್ಟಣವೊಂದರ ಗ್ರಂಥಾಲಯದಲ್ಲಿರುವ ನಿಯತಕಾಲಿಕೆ ವಿಭಾಗದ ಕುರಿತು ಈ ವಿಮರ್ಶೆ ಬರೆಯುತ್ತಿದ್ದೇನೆ. ಕೆಲವು ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಗ್ರಂಥಾಲಯದ ಹೆಸರನ್ನು ಬರೆಯುವುದಿಲ್ಲ. ಸುಮಾರು ಹನ್ನೆರಡು ವರ್ಷಗಳಿಂದ ನಾನು ಇಲ್ಲಿನ ಓದುಗ. ಬರುವ ವರ್ಷದಿಂದ ಪತ್ರಿಕೆಗಳ ಆಗಮನವನ್ನು ರಿಜಿಸ್ಟರಿನಲ್ಲಿ ಬರೆಯುವ ಕೆಲಸವನ್ನು ನಿಲ್ಲಿಸುವ ಆಲೋಚನೆ ಇದೆಯೆಂದು ಕಳೆದ ತಿಂಗಳು ತಿಳಿಯಿತು. ಈ ಗ್ರಂಥಾಲಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿಕೊಂಡಿರುವುದು ಆ ರಿಜಿಸ್ಟರನ್ನೇ.

ವಾಚನಾಲಯದ ಸೌಕರ್ಯ ಸಾಧಾರಣವಾಗಿದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕದ ಮೇಜುಗಳಲ್ಲಿ ಬೆಳಕು ಚೆನ್ನಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋದಾಗ ಓದುವುದು ಕಷ್ಟ. ದಿನಪತ್ರಿಕೆಗಳು ಒಂಬತ್ತು ಗಂಟೆಯೊಳಗೆ ಮೇಜಿನ ಮೇಲಿರುತ್ತವೆ. ವಾರಪತ್ರಿಕೆ, ಮಾಸಪತ್ರಿಕೆಗಳ ಹೊಸ ಸಂಚಿಕೆಗಳು ಓರೆ ಹಲಗೆಯ ರ್‍ಯಾಕಿನಲ್ಲಿಯೂ ಹಳೆಯವು ಅದರ ಹಿಂಭಾಗದಲ್ಲಿಯೂ ಇರುತ್ತವೆ. ಇಷ್ಟು ವ್ಯವಸ್ಥೆ ಬೇರೆ ಊರುಗಳಲ್ಲಿಯೂ ಇದೆ.

ರಿಜಿಸ್ಟರ್ ಮಾತ್ರ ಬೇರೆಯೇ. ಒಂದೊಂದು ಪತ್ರಿಕೆಗೆ ಒಂದೊಂದು ಪುಟ. ಪುಟದ ಮೇಲ್ಭಾಗದಲ್ಲಿ ಚಂದಾ ಆರಂಭವಾದ ದಿನ, ಮುಗಿಯುವ ದಿನ, ಟಪಾಲಿನಲ್ಲಿ ಬರುತ್ತದೆಯೋ ಏಜೆಂಟರು ತಂದುಕೊಡುತ್ತಾರೋ ಎಂಬ ವಿವರ. ಅದರ ಕೆಳಗೆ ಸಂಪುಟ, ಸಂಚಿಕೆ, ಬರಬೇಕಾದ ದಿನ, ಬಂದ ದಿನ ಎಂಬ ನಾಲ್ಕು ಅಂಕಣಗಳು ಮತ್ತು ಕೊನೆಯಲ್ಲಿ ಷರಾ. ಬರಬೇಕಾದ ದಿನವನ್ನು ವರ್ಷದ ಮೊದಲಿಗೇ ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ; ಬಂದ ದಿನವನ್ನು ಶಾಯಿಯಲ್ಲಿ ಬರೆಯುತ್ತಾರೆ. ಆದ್ದರಿಂದ ಯಾವ ಸಂಚಿಕೆ ಬಂದಿಲ್ಲ ಎಂದು ಹುಡುಕುವ ಅಗತ್ಯವೇ ಇಲ್ಲ, ಖಾಲಿ ಉಳಿದ ಮನೆಯೇ ಅದನ್ನು ತೋರಿಸುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ನಿಯತಕಾಲಿಕೆಗಳಿಗಾಗಿ ರೂಪಿಸಿದ ಮೂರು ಕಾರ್ಡುಗಳ ಪದ್ಧತಿಯಲ್ಲಿ ಒಂದು ಕಾರ್ಡು ಇದೇ ಕೆಲಸಕ್ಕೆ ಮೀಸಲಾಗಿತ್ತು. ಸಂಚಿಕೆ ಯಾವ ವಾರ ಬರಬೇಕೋ ಆ ವಾರದ ಹೆಸರಿರುವ ಗುರುತಿನ ಕಾರ್ಡಿನ ಹಿಂದೆ ಅದನ್ನು ಜೋಡಿಸಿಡುತ್ತಿದ್ದರು, ವಾರ ಕಳೆದರೂ ಕಾರ್ಡು ಅಲ್ಲಿಯೇ ಉಳಿದಿದ್ದರೆ ಪ್ರಕಾಶಕರಿಗೆ ನೆನಪಿನ ಪತ್ರ ಹೋಗುತ್ತಿತ್ತು. ಇಲ್ಲಿನ ಪೆನ್ಸಿಲ್ ಅಂಕಣವನ್ನು ಯಾರು ಆರಂಭಿಸಿದರೋ ಅವರು ಆ ಪದ್ಧತಿಯ ತಿರುಳನ್ನು ಸರಿಯಾಗಿ ಗ್ರಹಿಸಿದ್ದರು.

ಇದರ ಬೆಲೆ ನನಗೆ ತಿಳಿದದ್ದು 2018ರ ಆಗಸ್ಟ್ ತಿಂಗಳ ಸಂಚಿಕೆಗಳನ್ನು ಹುಡುಕಿದಾಗ. ಆ ತಿಂಗಳ ನಡುಭಾಗದಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲುವಿನ ಕಡೆ ಗುಡ್ಡಗಳು ಜರಿದದ್ದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮುಚ್ಚಿಹೋದದ್ದು ಕೊಡಗಿನವರಿಗೆ ಮರೆಯುವ ವಿಷಯವಲ್ಲ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಪತ್ರಿಕೆಗಳೆಲ್ಲ ರಸ್ತೆಯ ಮೇಲೆಯೇ ಬರಬೇಕು. ನಮ್ಮ ಗ್ರಾಮದ ಹಾನಿಯ ವಿವರಗಳನ್ನು ಒಂದೆಡೆ ಸೇರಿಸಲು ನಾನು ಒಂದು ಸ್ಥಳೀಯ ವಾರಪತ್ರಿಕೆಯ ಆ ಕಾಲದ ಸಂಚಿಕೆಗಳನ್ನೆಲ್ಲ ನೋಡಬೇಕಿತ್ತು. ಮೊದಲು ಹೋದದ್ದು ಮನೆಗೆ ಹತ್ತಿರವಿರುವ ಇನ್ನೊಂದು ಗ್ರಂಥಾಲಯಕ್ಕೆ. ಅಲ್ಲಿ ಎರಡು ಸಂಚಿಕೆಗಳು ಇರಲಿಲ್ಲ. ಬರಲೇ ಇಲ್ಲವೋ, ಬಂದು ಕಳೆದುಹೋದವೋ, ಅಥವಾ ಆ ವಾರಗಳಲ್ಲಿ ಪತ್ರಿಕೆ ಅಚ್ಚಾಗಿಯೇ ಇರಲಿಲ್ಲವೋ ಎಂದು ಕೇಳಿದರೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅಲ್ಲಿ ಆಗಮನವನ್ನು ಬರೆಯುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು. ಸಿಬ್ಬಂದಿಯ ತಪ್ಪು ಎನ್ನಲಾರೆ. ಆದರೆ ಒಂದು ಮಧ್ಯಾಹ್ನವೆಲ್ಲ ಹುಡುಕಿದ ಮೇಲೂ ಇನ್ನೂ ಹುಡುಕಬೇಕೇ, ಇಲ್ಲಿಗೇ ಬಿಡಬೇಕೇ ಎಂಬುದು ನನಗೆ ಗೊತ್ತಾಗಲಿಲ್ಲ.

ಮರುವಾರ ಈ ಗ್ರಂಥಾಲಯಕ್ಕೆ ಬಂದೆ. ಸಹಾಯಕಿ ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆದು, ಪುಟ ತಿರುಗಿಸಿ, "ನೋಡಿ ಸಾರ್, ಒಂದು ತಡವಾಗಿ ಬಂದಿದೆ, ಇನ್ನೊಂದು ವಾರ ಪತ್ರಿಕೆಯೇ ಬಂದಿಲ್ಲ, ಎರಡು ವಾರದ್ದು ಸೇರಿಸಿ ಹಾಕಿದ್ದಾರೆ" ಎಂದರು. ಷರಾ ಅಂಕಣದಲ್ಲಿ ಜಂಟಿ ಸಂಚಿಕೆ ಎಂದು ಬರೆದಿತ್ತು. ತಡವಾಗಿ ಬಂದ ಸಂಚಿಕೆ ಬೈಂಡಿಂಗ್ ಆದ ಸಂಪುಟದಲ್ಲಿ ಸಿಕ್ಕಿತು. ಹಿಂದಿನ ಗ್ರಂಥಾಲಯದಲ್ಲಿ ಎರಡು ಸಂಚಿಕೆ ಕಾಣೆಯಾಗಿವೆ ಎಂದುಕೊಂಡಿದ್ದೆ. ನಿಜವಾಗಿ ಇಲ್ಲದಿದ್ದದ್ದು ಒಂದೇ. ಇನ್ನೊಂದನ್ನು ಯಾರೂ ಅಚ್ಚು ಹಾಕಿಯೇ ಇರಲಿಲ್ಲ.

ನಿಲ್ಲಿಸಬೇಕೆನ್ನುವವರ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಮೆರಿಕದ ನೆವಾಡ ವಿಶ್ವವಿದ್ಯಾಲಯದ ರೀನೋ ಗ್ರಂಥಾಲಯವು ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಮುದ್ರಿತ ನಿಯತಕಾಲಿಕೆಗಳ ಆಗಮನ ದಾಖಲೆಯನ್ನು ಕೈಬಿಟ್ಟಿತು. ಓದುಗರಲ್ಲಿ ಹೆಚ್ಚಿನವರು ಅಂತರ್ಜಾಲದ ಆವೃತ್ತಿಗಳನ್ನೇ ಬಳಸುತ್ತಿರುವಾಗ, ಒಂದೊಂದು ಕಾಗದದ ಪ್ರತಿಯನ್ನೂ ಲೆಕ್ಕ ಹಾಕಲು ವ್ಯಯವಾಗುವ ಸಿಬ್ಬಂದಿಯ ಸಮಯವನ್ನು ಬೇರೆಡೆ ಬಳಸಬಹುದು ಎಂಬುದು ಅಲ್ಲಿನವರ ವಿಚಾರ. ಅಲ್ಲಿಗೆ ಅದು ಸರಿಯಾಗಿರಬಹುದು. ಒಂದು ಸಂಶೋಧನಾ ಪತ್ರಿಕೆಯ ಸಂಚಿಕೆ ಬಾರದಿದ್ದರೂ ಅದರ ಲೇಖನ ತೆರೆಯ ಮೇಲೆ ಸಿಗುತ್ತದೆ, ಓದುಗನಿಗೆ ನಷ್ಟವಿಲ್ಲ. ನಮ್ಮಲ್ಲಿ ಕೊಡವ ಭಾಷೆಯ ವಾರಪತ್ರಿಕೆಯ, ಜಿಲ್ಲೆಯೊಳಗೇ ಅಚ್ಚಾಗಿ ಜಿಲ್ಲೆಯೊಳಗೇ ಓದಿ ಮುಗಿಯುವ ಪತ್ರಿಕೆಯ, ಸಹಕಾರ ಸಂಘಗಳೂ ಸಮಾಜಗಳೂ ಹೊರತರುವ ಪತ್ರಿಕೆಯ ಹಳೆಯ ಸಂಚಿಕೆಯನ್ನು ಯಾವ ತೆರೆಯ ಮೇಲೆ ಹುಡುಕಬೇಕು? ಕಾಗದದ ಪ್ರತಿಯೊಂದೇ ಇರುವಾಗ ಅದು ಬಂತೇ ಎಂದು ಬರೆದಿಡುವುದನ್ನು ಬಿಟ್ಟುಬಿಟ್ಟರೆ, ಇಲ್ಲವೆಂಬುದು ತಿಳಿಯುವ ಹೊತ್ತಿಗೆ ಪ್ರಕಾಶಕರ ಬಳಿಯೂ ಪ್ರತಿ ಉಳಿದಿರುವುದಿಲ್ಲ.

ಪುಸ್ತಕ ಮತ್ತು ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಕಳುಹಿಸಬೇಕೆಂಬ 1954ರ ಕಾಯಿದೆ ಇದೆ, 1956ರಲ್ಲಿ ಅದಕ್ಕೆ ಪತ್ರಿಕೆಗಳನ್ನು ಸೇರಿಸಲಾಯಿತು. ಆದರೆ ನಾಪೋಕ್ಲಿನ ಓದುಗನೊಬ್ಬ ತನ್ನ ಊರಿನ ಸುದ್ದಿಗಾಗಿ ಕೋಲ್ಕತ್ತಕ್ಕೆ ಹೋಗಲಾರ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ಮರುವರ್ಷ, ಅಂದರೆ 1957ರಲ್ಲಿ, ಮಡಿಕೇರಿಯಲ್ಲಿ 'ಶಕ್ತಿ' ದಿನಪತ್ರಿಕೆ ಆರಂಭವಾಯಿತು. ಇಂಥ ಪತ್ರಿಕೆಗಳನ್ನು ಅವು ಹುಟ್ಟಿದ ನೆಲದ ಗ್ರಂಥಾಲಯಗಳೇ ಪೂರ್ಣವಾಗಿ ಇಟ್ಟುಕೊಳ್ಳದಿದ್ದರೆ ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಬರಿಗೈಯಲ್ಲಿ ಕೂರಬೇಕಾಗುತ್ತದೆ.

ಎಲ್ಲವನ್ನೂ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಬೆಂಗಳೂರು, ಮೈಸೂರಿನಿಂದ ಬರುವ ದಿನಪತ್ರಿಕೆಗಳನ್ನು ಈ ಗ್ರಂಥಾಲಯ ಕೆಲವು ತಿಂಗಳ ನಂತರ ರದ್ದಿಗೆ ಹಾಕುತ್ತದೆ, ಅವುಗಳಿಗೆ ಏಜೆಂಟರ ಬಿಲ್ಲನ್ನು ತಾಳೆ ನೋಡಲು ತಿಂಗಳಿಗೊಂದು ಹಾಳೆಯಲ್ಲಿ ಗುರುತು ಹಾಕಿದರೆ ಸಾಕು. 'ಸುಧಾ', 'ತರಂಗ'ಗಳಂಥವನ್ನು ಬೈಂಡ್ ಮಾಡಿಸದಿದ್ದರೆ ಅವುಗಳ ಪುಟಗಳನ್ನೂ ಕೈಬಿಡಬಹುದು. ಬೈಂಡಿಂಗಿಗೆ ಹೋಗುವವು ಸುಮಾರು ಇಪ್ಪತ್ತು ಪತ್ರಿಕೆಗಳು ಮಾತ್ರ. ಬೆಳಗಿನ ಟಪಾಲು ಬಿಚ್ಚುವಾಗಲೇ ಬರೆದುಬಿಟ್ಟರೆ ದಿನಕ್ಕೆ ಹತ್ತು ನಿಮಿಷದ ಕೆಲಸ. ಕಂಪ್ಯೂಟರಿಗೆ ಹೋಗುವುದಾದರೂ ಈ ಕೆಲಸ ತಪ್ಪುವುದಿಲ್ಲ. ಉಚಿತವಾಗಿ ದೊರೆಯುವ ಕೊಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿಯೂ ನಿರೀಕ್ಷಿತ, ಬಂದಿದೆ, ತಡವಾಗಿದೆ, ಕಾಣೆಯಾಗಿದೆ ಎಂಬ ಸ್ಥಿತಿಗಳಿವೆ; ಸಂಚಿಕೆ ಬಂದಿದೆ ಎಂದು ಯಾರಾದರೂ ಒಬ್ಬರು ಗುರುತಿಸಲೇಬೇಕು.

ಕೊರತೆಗಳಲ್ಲಿ ಮುಖ್ಯವಾದದ್ದು, ಖಾಲಿ ಮನೆ ಕಂಡ ಮೇಲೂ ಪತ್ರ ಬರೆಯುವುದು ಹಲವು ಬಾರಿ ತಡವಾಗುತ್ತದೆ ಎಂಬುದು. ನಾನು ನೋಡಿದ ಒಂದು ಮಾಸಪತ್ರಿಕೆಯ ಪುಟದಲ್ಲಿ ಬಾರದ ಸಂಚಿಕೆಗೂ ಬರೆದ ಪತ್ರಕ್ಕೂ ನಡುವೆ ಐದು ತಿಂಗಳ ಅಂತರವಿತ್ತು. ಆ ಸಂಚಿಕೆ ಕೊನೆಗೂ ಬರಲಿಲ್ಲ, ಆ ವರ್ಷದ ಸಂಪುಟ ಹನ್ನೊಂದು ಸಂಚಿಕೆಗಳಲ್ಲೇ ಬೈಂಡ್ ಆಗಿದೆ. ಬರೆದಿಡುವುದರ ಫಲ ಸಿಗಬೇಕಾದರೆ ಪತ್ರ ಅದೇ ತಿಂಗಳು ಹೋಗಬೇಕು. ಎರಡನೆಯದಾಗಿ, ಹಳೆಯ ರಿಜಿಸ್ಟರುಗಳನ್ನಿಟ್ಟ ಬೀರು ಮಳೆನೀರು ಇಳಿಯುವ ಗೋಡೆಗೆ ಒರಗಿದೆ. 2009ಕ್ಕಿಂತ ಹಿಂದಿನ ಎರಡು ಪುಸ್ತಕಗಳ ಅಂಚು ಬೂಷ್ಟು ಹಿಡಿದು ಅಂಟಿಕೊಂಡಿದೆ. ಬೀರುವನ್ನು ಒಳಗೋಡೆಯ ಕಡೆಗೆ ಸರಿಸಲು ಯಾವ ಮಂಜೂರಾತಿಯೂ ಬೇಕಾಗಲಾರದು.

ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ ಬೇಕಾದವರು ಈ ಗ್ರಂಥಾಲಯಕ್ಕೆ ಬರಬಹುದು, ನೇರವಾಗಿ ರ್‍ಯಾಕಿಗೆ ಹೋಗದೆ ಮೊದಲು ರಿಜಿಸ್ಟರ್ ಕೇಳಿ. ಅದನ್ನು ಮುಂದುವರಿಸಬೇಕೆಂದು ನಾನು ಗ್ರಂಥಪಾಲಕರಿಗೆ ಲಿಖಿತ ಮನವಿ ಕೊಟ್ಟಿದ್ದೇನೆ, ಇನ್ನೂ ಆರು ಮಂದಿ ಓದುಗರು ಅದಕ್ಕೆ ಸಹಿ ಹಾಕಿದ್ದಾರೆ. ಉತ್ತರ ಬಂದ ದಿನ ಅದನ್ನೂ ಇಲ್ಲಿ ಸೇರಿಸುತ್ತೇನೆ.