ಹದಿನಾಲ್ಕು ತಿಂಗಳು ಬಳಸಿದ ಕಡಿಮೆ ಕಾರ್ಬ್ ಊಟದ ಯೋಜನೆ: 5ಕ್ಕೆ 3 ಅಂಕ

ಅನ್ನ, ರೊಟ್ಟಿ, ಸಿಹಿಯಲ್ಲಿರುವ ಕಾರ್ಬೋಹೈಡ್ರೇಟ್ (ಕಾರ್ಬ್) ತಗ್ಗಿಸುವ ಯೋಜನೆ ಇದು. ಹಣ ಕಟ್ಟಿದರೆ ಮೊಬೈಲಿಗೆ ದಿನದ ಊಟದ ಪಟ್ಟಿ ಬರುತ್ತದೆ, ವಾರಕ್ಕೊಮ್ಮೆ ಆಹಾರ ಸಲಹೆಗಾರರ ಕರೆ. ಕಂಪನಿಯ ಹೆಸರು ಬೇಡ, ಇಂಥವು ಈಗ ಹತ್ತಾರಿವೆ. ನಾನು ಧಾರವಾಡದವನು, ವಯಸ್ಸು 52, ಸಕ್ಕರೆ ಕಾಯಿಲೆ ಆರು ವರ್ಷದ್ದು. ಶುರುವಿಗೆ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, 8.4 ಇತ್ತು.

ಮೊದಲ ವಾರವೇ ಮೂರು ಕಿಲೋ ಇಳಿದು ಬೀಗಿದೆ. ಅದರಲ್ಲಿ ಬಹುಪಾಲು ನೀರು ಎಂದು ಆಮೇಲೆ ತಿಳಿಯಿತು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುವಾಗ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನೂ ಕರೆದುಕೊಂಡೇ ಹೋಗುತ್ತದೆ.

ಪಟ್ಟಿಯಲ್ಲಿ ಬ್ರೊಕೊಲಿ, ಬೆಣ್ಣೆಹಣ್ಣು, ಚೀಸ್. ಸಂತೆಯಲ್ಲಿ ಬ್ರೊಕೊಲಿ ಕೇಳಿದರೆ ಕಾಯಿಪಲ್ಲೆಯವಳು ಹೂಕೋಸು ತೂಗಿಕೊಟ್ಟಳು. ರೊಟ್ಟಿಯ ಮಾತೇ ಇಲ್ಲ. ಜೋಳದ ರೊಟ್ಟಿಗೆ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಕಡೆ ವೇದವಾಕ್ಯ. ಅವ್ವ ಬಡಿಯುವ ಒಂದು ರೊಟ್ಟಿಯ ಹಿಟ್ಟನ್ನು ತೂಗಿದೆ: 60 ಗ್ರಾಂ. ಜೋಳದ ಹಿಟ್ಟಿನಲ್ಲಿ ನೂರಕ್ಕೆ 70ರಷ್ಟು ಕಾರ್ಬೋಹೈಡ್ರೇಟ್, ಅಂದರೆ ರೊಟ್ಟಿಯೊಂದಕ್ಕೆ 40 ಗ್ರಾಂ ದಾಟಿತು. ಯೋಜನೆ ಇಡೀ ದಿನಕ್ಕೆ ಕೊಟ್ಟದ್ದೇ 50! ಮೂರು ರೊಟ್ಟಿ ತಿಂದು ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿದರೆ ಸಕ್ಕರೆ 231. ಇನ್ನೊಂದು ದಿನ ಒಂದೇ ರೊಟ್ಟಿ, ಹೊಟ್ಟೆ ತುಂಬ ಮೆಂತ್ಯ ಪಲ್ಲೆ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು: 148. ಅಂದಿನಿಂದ ಪಟ್ಟಿ ಬಿಟ್ಟು ಇದನ್ನೇ ಹಿಡಿದೆ.

ಎರಡು ಅಂಕ ಕಳೆದದ್ದು ಬೇರೆ ಕಾರಣಕ್ಕೆ. ನಾನು ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗುತ್ತಿದ್ದೆ. ಉಂಡರೂ ಬಿಟ್ಟರೂ ಅದು ಇನ್ಸುಲಿನ್ ಹೊರಡಿಸುತ್ತದೆ. ಅನ್ನ, ರೊಟ್ಟಿ ಕಡಿಮೆ ಮಾಡುವವರು ವೈದ್ಯರನ್ನು ಕೇಳಿ ಮೊದಲೇ ಅದರ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಸಲಹೆಗಾರರು ಒಮ್ಮೆಯೂ ಮಾತ್ರೆಯ ಹೆಸರು ಕೇಳಲಿಲ್ಲ. ಒಂಬತ್ತನೆಯ ದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆ. ನವನಗರದ ಹತ್ತಿರ ಅಂಗಿ ಬೆವರಿನಲ್ಲಿ ತೊಯ್ದು ಕೈ ನಡುಗತೊಡಗಿತು. ಚೀಲದಲ್ಲಿದ್ದ ಮೀಟರ್ 58 ತೋರಿಸಿತು, ಸಕ್ಕರೆ ತೀರಾ ಕುಸಿದಿತ್ತು. ಪಕ್ಕದಲ್ಲಿದ್ದ ಅಜ್ಜಿ "ಏನಾಯಿತು ತಮ್ಮಾ?" ಎನ್ನುತ್ತ ಮಗಳ ಮನೆಗೆ ಒಯ್ಯುತ್ತಿದ್ದ ಪೇಢೆಯ ಪೆಟ್ಟಿಗೆ ಬಿಚ್ಚಿದರು. ಸಕ್ಕರೆ ಬಿಡಲು ಹಣ ಕಟ್ಟಿದವನು ಎರಡು ಪೇಢೆ ನುಂಗಿ ಬದುಕಿದೆ. ಮರುದಿನ ವೈದ್ಯರು ಮಾತ್ರೆ ಅರ್ಧಕ್ಕಿಳಿಸಿದರು, ಮುಂದೆ ನಿಲ್ಲಿಸಿದರು. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ: ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿ, ಆಗಬಹುದು.

ಆರು ತಿಂಗಳಿಗೆ ಎಚ್‌ಬಿಎ1ಸಿ 6.6, ಈಗ 7.0. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 240ರಿಂದ 155ಕ್ಕೆ ಬಂತು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಮಾತ್ರ 118ರಿಂದ 141ಕ್ಕೆ ಹತ್ತಿತು. ಬೆಣ್ಣೆ, ಚೀಸ್ ಬಿಟ್ಟು ಶೇಂಗಾ, ಅಗಸೆಗೆ ಬಂದ ಮೇಲೆ 124. ಮೊದಲಾರು ತಿಂಗಳ ಲಾಭ ವರ್ಷ ತುಂಬುವಷ್ಟರಲ್ಲಿ ತೆಳುವಾಗುತ್ತದೆ ಎಂದು ಸಂಶೋಧನೆಗಳೂ ಹೇಳುತ್ತವೆ. ನನ್ನ ಮಟ್ಟಿಗೆ ಅದಕ್ಕೆ ಪಂಚಮಿಯ ಉಂಡಿಗಳೇ ಹೊಣೆ.

ಚಂದಾ ನವೀಕರಿಸಿಲ್ಲ, ಒಂದೇ ರೊಟ್ಟಿಯ ವ್ರತ ನಡೆದಿದೆ. ಮಗ ಸೊರಗಿದನೆಂದು ಅವ್ವ ಇತ್ತೀಚೆಗೆ ಅದನ್ನು ಅಗಲ ಮಾಡಿ ಬಡಿಯುತ್ತಿದ್ದಾಳೆ. ಮೊನ್ನೆ ಹಿಟ್ಟು ತೂಗಿದೆ: 85 ಗ್ರಾಂ.