ಸಿಂಕ್ ಎಲ್ಲಿದೆ ಎಂದು ನೋಡಿ ಆರಿಸಿದ ಡೇಕೇರ್: 14 ತಿಂಗಳ ನಂತರ ಅನಿಸಿದ್ದು

ಮಗಳನ್ನು ಈ ಡೇಕೇರ್‌ಗೆ ಬಿಡಲು ಶುರು ಮಾಡಿ 14 ತಿಂಗಳಾಯಿತು. ಇದಕ್ಕೂ ಮುಂಚೆ ಬೇರೆ ಕಡೆ 5 ತಿಂಗಳು ಬಿಟ್ಟಿದ್ದೆವು. ಆಟ, ಹಾಡು, ಬಣ್ಣದ ಗೋಡೆ, ಕ್ಯಾಮೆರಾ ಇವುಗಳ ಬಗ್ಗೆ ಬೇರೆ ಅಪ್ಪ ಅಮ್ಮಂದಿರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯುವುದು ಕಾಯಿಲೆ ಬಗ್ಗೆ. ಒಂದು ಮಗುವಿಗೆ ಬಂದದ್ದು ಇಡೀ ಕೋಣೆಗೆ, ನೋಡಿಕೊಳ್ಳುವ ಅಕ್ಕಂದಿರಿಗೆ, ಆಮೇಲೆ ನಮ್ಮ ಮನೆಗೆ ಹೇಗೆ ಬರುತ್ತದೆ, ಅದನ್ನು ತಡೆಯಲು ಇಲ್ಲಿ ಏನು ಮಾಡುತ್ತಾರೆ ಅನ್ನುವುದು.

ಮೊದಲಿನ ಜಾಗ ನೋಡಲು ಬಹಳ ಚೊಕ್ಕಟವಾಗಿತ್ತು. ಬಾಗಿಲಲ್ಲೇ ಸ್ಯಾನಿಟೈಸರ್, ಒಳಗೆ ಕಾಲಿಟ್ಟರೆ ಫಿನಾಯಿಲ್ ವಾಸನೆ. ಅಷ್ಟು ಸಾಕು ಅಂದುಕೊಂಡೆ. ಮೂರನೇ ವಾರ ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ಒಂದು ಮಗು ಚಾಪೆ ಮೇಲೆ ವಾಂತಿ ಮಾಡಿಕೊಂಡಿತು. ಅಲ್ಲಿದ್ದ ಅಕ್ಕ ಬಟ್ಟೆಯಿಂದ ಒರೆಸಿದರು, ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡರು, ಪಕ್ಕದ ಮಗುವಿಗೆ ತಿನ್ನಿಸಲು ಕೂತರು. ಅವರನ್ನು ನಾನು ದೂರುವುದಿಲ್ಲ. ನಲ್ಲಿ ಇದ್ದದ್ದು ಪಡಸಾಲೆಯ ಆ ತುದಿಯ ಶೌಚಾಲಯದಲ್ಲಿ. 11 ಪುಟ್ಟ ಮಕ್ಕಳನ್ನು ಬಿಟ್ಟು ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ? ಮೂರು ದಿನದಲ್ಲಿ 6 ಮಕ್ಕಳು, ಇಬ್ಬರು ಅಕ್ಕಂದಿರು, ಮನೆಯಲ್ಲಿ ನಾನು, ನನ್ನ ಗಂಡ, ಎಲ್ಲರಿಗೂ ವಾಂತಿ ಭೇದಿ. ಡಾಕ್ಟರು ನೊರೊವೈರಸ್ ಇರಬೇಕು ಎಂದರು.

ಸ್ಯಾನಿಟೈಸರ್ ಎಲ್ಲದಕ್ಕೂ ಆಗುವುದಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ಫ್ಲೂ, ಕೊರೊನಾದಂಥ ವೈರಸ್‌ಗಳ ಮೇಲೆ ಕೊಬ್ಬಿನ ಒಂದು ತೆಳು ಹೊದಿಕೆ ಇರುತ್ತದೆ, ಆಲ್ಕೋಹಾಲ್ ಅದನ್ನು ಹಾಳು ಮಾಡುತ್ತದೆ. ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಕಣ್ಣು ಕೆಂಪಾಗಿಸುವ ಅಡಿನೊವೈರಸ್‌ಗೂ, ಕೈ ಕಾಲು ಬಾಯಿ ರೋಗ ತರುವ ವೈರಸ್‌ಗಳಿಗೂ ಇಲ್ಲ. ಇವುಗಳ ವಿಷಯದಲ್ಲಿ ಸ್ಯಾನಿಟೈಸರ್ ನಂಬಿ ಕೂರುವ ಹಾಗಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದು ಕಳೆಯಬೇಕು. ವಾಂತಿ ಭೇದಿ ನಿಂತ ಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ದಿನ, ಮಗುವಿನ ಮಲದಲ್ಲಿ ನೊರೊವೈರಸ್ ಇರುತ್ತದೆ. ಅಂದರೆ ಚೆನ್ನಾಗಿ ಆಡಿಕೊಂಡಿರುವ ಮಗುವಿನ ಡೈಪರ್ ಬದಲಿಸಿದಾಗಲೂ ಕೈ ತೊಳೆಯಲೇಬೇಕು.

ಹಾಗಾಗಿ ಎರಡನೇ ಸಲ ಡೇಕೇರ್ ಹುಡುಕುವಾಗ ನಾನು ಮೊದಲು ನೋಡಿದ್ದು ಸಿಂಕ್. ಇಲ್ಲಿ ಡೈಪರ್ ಬದಲಿಸುವ ಮೇಜಿನ ಪಕ್ಕದಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ. ಮೊಣಕೈಯಲ್ಲಿ ತಳ್ಳುವ ನಲ್ಲಿ. ಮಕ್ಕಳಿಗೆ ತಿನ್ನಿಸುವ ಜಾಗದಲ್ಲಿ ಬೇರೆಯದೇ ಸಿಂಕ್. ಡೈಪರ್ ಬದಲಿಸಿದ ಅಕ್ಕ ತಮ್ಮ ಕೈ ತೊಳೆದುಕೊಂಡು ಮಗುವಿನ ಕೈಯನ್ನೂ ತೊಳೆಸುತ್ತಾರೆ, ಯಾಕೆಂದರೆ ಮಲಗಿದ ಮಗು ಆಗಲೇ ಅಲ್ಲಿ ಇಲ್ಲಿ ಮುಟ್ಟಿರುತ್ತದೆ. ನಾನು ಹೇಳದೆ ಕೇಳದೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನಿಂತು ನೋಡಿದ್ದೇನೆ. ಒಂದು ಸಲವೂ ತಪ್ಪಿಲ್ಲ.

ಆಟದ ಸಾಮಾನಿಗೆ ಒಂದು ಕೆಂಪು ಬುಟ್ಟಿ ಇದೆ. ಮಗು ಬಾಯಿಗೆ ಹಾಕಿದ್ದು ಏನೇ ಇರಲಿ, ಅದರ ಕೈಯಿಂದ ಬಿದ್ದ ಕೂಡಲೇ ಆ ಬುಟ್ಟಿಗೆ ಹೋಗುತ್ತದೆ. ಸಂಜೆ ಎಲ್ಲಾ ಸೋಪಿನಲ್ಲಿ ತೊಳೆದು, ಆಮೇಲೆ ಬ್ಲೀಚ್ ನೀರಿನಲ್ಲಿ ಕೆಲವು ನಿಮಿಷ ಇಟ್ಟು, ಮತ್ತೆ ತೊಳೆದು ಒಣಗಿಸುತ್ತಾರೆ. ಮೊದಲು ಸೋಪು ಯಾಕೆ ಅಂತ ಕೇಳಿದೆ. ಜೊಲ್ಲು, ಕೊಳೆ ಇದ್ದರೆ ಬ್ಲೀಚ್ ಅದರಲ್ಲೇ ಖರ್ಚಾಗಿ ಹೋಗುತ್ತದಂತೆ. ಹಿಂದಿನ ಕಡೆ ವಾರಕ್ಕೊಮ್ಮೆ ತೊಳೆಯುತ್ತಿದ್ದರು. ಪುಟ್ಟ ಮಕ್ಕಳ ಎದೆಗೆ ಇಳಿಯುವ ಆರ್‌ಎಸ್‌ವಿ ಅನ್ನುವ ವೈರಸ್ ಗಟ್ಟಿ ಪ್ಲಾಸ್ಟಿಕ್ ಮೇಲೆ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಒಂದೇ ಆಟಿಕೆ ಎಷ್ಟು ಬಾಯಿಗೆ ಹೋಗಿ ಬರಬಹುದು!

ಇವರ ನಿಯಮಗಳ ಮೇಲೆ ಒಮ್ಮೆ ನನಗೇ ಸಿಟ್ಟು ಬಂದಿತ್ತು. ಬೆಳಿಗ್ಗೆ ಮಗಳ ಮೈ ಬಿಸಿ ಇತ್ತು. ಆಫೀಸಿನಲ್ಲಿ ತಪ್ಪಿಸಲಾಗದ ಕೆಲಸ. ಪ್ಯಾರಸಿಟಮಾಲ್ ಕುಡಿಸಿ ಬಿಟ್ಟು ಬಂದೆ. 11 ಗಂಟೆಗೆ ಫೋನ್: "ಮೇಡಂ, ಜ್ವರ ಏರಿದೆ, ಬಂದು ಕರ್ಕೊಂಡು ಹೋಗಿ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೇ ಇದ್ದರೆ ಕಳಿಸಿ." ವಾಂತಿ ಭೇದಿಯಾದರೆ ನಿಂತ ಮೇಲೆ 48 ಗಂಟೆ. ಅವತ್ತು ಮುಖ ಗಂಟು ಹಾಕಿಕೊಂಡೇ ಹೋದೆ. ಆಮೇಲೆ ಯೋಚಿಸಿದರೆ, ನಾನು ಮಾಡಿದ್ದು ತಪ್ಪು. ಹಾಗೆ ಬಿಟ್ಟು ಹೋದ ಇನ್ಯಾರದೋ ಮಗುವಿನಿಂದ ನನ್ನ ಮಗಳಿಗೆ ಬಂದಿದ್ದರೆ ನಾನು ಸುಮ್ನೆ ಇರುತ್ತಿದ್ದೆನಾ?

ಬರೀ ಮೂಗು ಸೋರುತ್ತಿದ್ದರೆ ಇವರು ವಾಪಸ್ ಕಳಿಸುವುದಿಲ್ಲ, ಅದು ಸರಿಯೇ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಹರಡಲು ಶುರುವಾಗಿರುತ್ತದೆ, ಸಿಡುಬಿನ ಥರ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಒಂದೆರಡು ದಿನ ಮುಂಚೆ. ಸಿಂಬಳ ಹಸಿರಾದ ಮೇಲೆ ಮಗುವನ್ನು ಹೊರಗಿಟ್ಟು ಏನೂ ಆಗುವುದಿಲ್ಲ. ಹಿಂದಿನ ಕಡೆ ಸಿಂಬಳ ಹಸಿರಾದರೆ ಆಂಟಿಬಯಾಟಿಕ್ ಕೊಡಿಸಿಕೊಂಡು ಬನ್ನಿ ಅನ್ನುತ್ತಿದ್ದರು. ವೈರಸ್‌ಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಬಣ್ಣ ನೋಡಿ ಬ್ಯಾಕ್ಟೀರಿಯಾ ಅಂತ ಹೇಳಲೂ ಬರುವುದಿಲ್ಲ.

ಇಷ್ಟೆಲ್ಲಾ ಇದ್ದೂ ಮೊದಲ ವರ್ಷ ಮಗಳಿಗೆ 9 ಸಲ ನೆಗಡಿ ಆಯಿತು. ನೆಗಡಿ ತರುವ ರೈನೊವೈರಸ್ ಒಂದರಲ್ಲೇ 100ಕ್ಕೂ ಹೆಚ್ಚು ಬಗೆ ಇವೆ, ಒಂದು ಬಂದು ಹೋದರೆ ಇನ್ನೊಂದು ಬರುವುದಿಲ್ಲ ಅಂತೇನಿಲ್ಲ. ಅಮೆರಿಕದ ಟಕ್ಸನ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ಡೇಕೇರ್‌ಗೆ ಹೋದ ಮಕ್ಕಳಿಗೆ 2 ವರ್ಷದ ವಯಸ್ಸಿನಲ್ಲಿ ನೆಗಡಿ ಜಾಸ್ತಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಡಿಮೆ ಅಂತ ಅದರಲ್ಲಿ ಕಂಡಿದೆ. ರಾತ್ರಿಯೆಲ್ಲಾ ಕೆಮ್ಮುವ ಮಗುವನ್ನು ಎತ್ತಿಕೊಂಡು ಕೂತಾಗ ಅದನ್ನು ನೆನೆಸಿಕೊಳ್ಳುತ್ತಿದ್ದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಕ್ಕಂದಿರನ್ನು ನೋಡಿಕೊಳ್ಳುವ ರೀತಿ. ಮಕ್ಕಳು ಕೆಮ್ಮುವುದು ಅವರ ಮುಖಕ್ಕೇ, ಸಿಂಬಳ ಒರೆಸಿಕೊಳ್ಳುವುದು ಅವರ ಹೆಗಲಿಗೇ. ಹೊಸದಾಗಿ ಸೇರಿದವರು ಮೊದಲ ಕೆಲವು ತಿಂಗಳು ಮತ್ತೆ ಮತ್ತೆ ಕಾಯಿಲೆ ಬೀಳುತ್ತಾರೆ. ಹಿಂದಿನ ಕಡೆ ರಜೆ ಹಾಕಿದರೆ ಸಂಬಳ ಕಟ್, ಹಾಗಾಗಿ ಜ್ವರದಲ್ಲೂ ಬರುತ್ತಿದ್ದರು. ಇಲ್ಲಿ ಕಾಯಿಲೆಯಾದರೆ ಸಂಬಳದ ರಜೆ, ಬದಲಿಗೆ ಬರಲು ಇಬ್ಬರು ಇದ್ದಾರೆ. ಒಬ್ಬ ಅಕ್ಕ ಬಸುರಿಯಾದಾಗ ಅವರನ್ನು ಡೈಪರ್ ಕೆಲಸದಿಂದ ಬಿಡಿಸಿ ದೊಡ್ಡ ಮಕ್ಕಳ ಕೋಣೆಗೆ ಹಾಕಿದರು. ಸೈಟೊಮೆಗಾಲೊ ಅನ್ನುವ ವೈರಸ್ ಪುಟ್ಟ ಮಕ್ಕಳ ಉಚ್ಚೆ, ಜೊಲ್ಲಿನಲ್ಲಿ ತಿಂಗಳುಗಟ್ಟಲೆ ಇರಬಹುದು, ಮಗುವಿಗೆ ಏನೂ ಆಗಿರುವುದಿಲ್ಲ, ಆದರೆ ಬಸುರಿಗೆ ತಗಲಿದರೆ ಹೊಟ್ಟೆಯೊಳಗಿನ ಕೂಸಿನ ಕಿವಿಗೆ, ಮಿದುಳಿಗೆ ಪೆಟ್ಟಾಗಬಹುದು. ಇಂಥದ್ದನ್ನು ಯೋಚಿಸಿದ ಆ ಮ್ಯಾನೇಜರ್ ಮೇಲೆ ನನಗೆ ಬಹಳ ಗೌರವ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕಿಟಕಿಗೆ. ಚಳಿ ಶುರುವಾದರೆ ಸಾಕು, ಮಕ್ಕಳಿಗೆ ನೆಗಡಿ ಆಗುತ್ತದೆ ಅಂತ ಎಲ್ಲಾ ಮುಚ್ಚುತ್ತಾರೆ. ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಬಿಟ್ಟ ಉಸಿರನ್ನೇ ಎಲ್ಲರೂ ಎಳೆದುಕೊಳ್ಳುತ್ತಾರೆ. ದಡಾರ ಇರುವ ಮಗು ಎದ್ದು ಹೋದ ಮೇಲೂ 2 ಗಂಟೆವರೆಗೆ ಅದರ ವೈರಸ್ ಗಾಳಿಯಲ್ಲಿ ಇರಬಹುದು. ಎರಡು ಸಲ ಹೇಳಿದ ಮೇಲೆ ಆಟದ ಕೋಣೆಯದು ತೆರೆಯುತ್ತಿದ್ದಾರೆ. ಹಾಸಿಗೆಗಳನ್ನು ಒತ್ತೊತ್ತಾಗಿ ಹಾಕುವ ಮಲಗುವ ಕೋಣೆಯದು ಇನ್ನೂ ಮುಚ್ಚಿಯೇ ಇದೆ. ಮುಂದಿನ ಪೋಷಕರ ಸಭೆಯಲ್ಲಿ ಮತ್ತೆ ಕೇಳುತ್ತೇನೆ.