ರೈಜನ್ 5600, ಆರ್‌ಟಿಎಕ್ಸ್ 3060: ಪೆರ್ಲದಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಈ ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು 2022ರ ನವೆಂಬರಿನಲ್ಲಿ. ಮೂರು ಮಳೆಗಾಲ ದಾಟಿದೆ. ಮೊದಲೇ ಹೇಳಿಬಿಡುತ್ತೇನೆ, ಯಂತ್ರ ತುಂಬಾ ಒಳ್ಳೆಯದು. ಆದರೆ ಕೊಟ್ಟ ಅಂಗಡಿಯಿಂದ ನಾನು ಪಟ್ಟ ಪಾಡು ಯಾರಿಗೂ ಬೇಡ. ಎರಡನ್ನೂ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ತುಂಬ ಹುಡುಗರು ನನ್ನ ಹಾಗೆಯೇ ಕೇರಳದ ಗಡಿ ದಾಟಿ ಮಂಗಳೂರಿಗೆ ಹೋಗಿ ಕಂಪ್ಯೂಟರ್ ಕೊಳ್ಳುತ್ತಾರೆ.

ಒಳಗೆ ಇರುವುದು ಇಷ್ಟು. ಆರು ಕೋರಿನ ರೈಜನ್ 5 5600 ಪ್ರೊಸೆಸರು, ಬಿ550 ಬೋರ್ಡು, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, 650 ವ್ಯಾಟಿನ ಪವರ್ ಸಪ್ಲೈ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಜಿನ ಮಾನಿಟರೂ ಜೊತೆಗೆ. 2021ರಲ್ಲೇ ತೆಗೆದುಕೊಳ್ಳಬೇಕೆಂದು ಹಣ ಕೂಡಿಟ್ಟಿದ್ದೆ. ಆಗ ಗ್ರಾಫಿಕ್ಸ್ ಕಾರ್ಡಿನಲ್ಲಿ ಎಥೀರಿಯಂನಂಥ ಡಿಜಿಟಲ್ ನಾಣ್ಯ ಗಳಿಸುವ, ಅಂದರೆ ಮೈನಿಂಗ್ ಮಾಡುವವರ ನೂಕುನುಗ್ಗಲಿನಿಂದ ಕಾರ್ಡಿನ ಬೆಲೆ ಆಕಾಶಕ್ಕೇರಿತ್ತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಮೈನಿಂಗ್ ನಿಂತಿತು. ಆ ಹೊತ್ತಿಗೆ ಬೆಲೆ ಕೈಗೆಟುಕುವಷ್ಟು ಇಳಿದಿತ್ತು. ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಸ್ವಲ್ಪ ಸೇರಿಸಿದರು.

ಕೆಲಸಕ್ಕೂ ಆಟಕ್ಕೂ ಇದೇ ಯಂತ್ರ. ನಾನು ಯಕ್ಷಗಾನದ ವಿಡಿಯೋ ಎಡಿಟ್ ಮಾಡುತ್ತೇನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಪ್ರಸಂಗದ ವಿಡಿಯೋ ರೆಂಡರ್‌ಗೆ ಹಾಕಿ ಮಲಗಿದರೆ ಬೆಳಿಗ್ಗೆ ನೋಡುವಾಗಲೂ ಮುಗಿದಿರುತ್ತಿರಲಿಲ್ಲ. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರೇ ಆ ಕೆಲಸ ಮಾಡುತ್ತದೆ. ಊಟ ಮಾಡಿ ಬರುವಷ್ಟರಲ್ಲಿ ಫೈಲ್ ರೆಡಿ. ರಾತ್ರಿ ಒಂದೆರಡು ಗಂಟೆ ಆಟ. ಫೋರ್ಜಾ ಹೊರೈಜನ್ 5 ಬೆಣ್ಣೆಯ ಹಾಗೆ ಓಡುತ್ತದೆ. ಸೈಬರ್‌ಪಂಕ್ 2077ರಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳಿನ ಭಾರದ ಲೆಕ್ಕ) ಆಫ್ ಮಾಡಿ, ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ವೇಗ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಹಾಕಿದರೆ 1080ಪಿಯಲ್ಲಿ ಸೆಕೆಂಡಿಗೆ 60 ಫ್ರೇಮಿಗೆ ಕೊರತೆ ಇಲ್ಲ. 12 ಜಿಬಿ ಮೆಮೊರಿಯ ಬೆಲೆ ಗೊತ್ತಾದದ್ದು ಈಚೆಗೆ. 8 ಜಿಬಿ ಕಾರ್ಡು ಇರುವ ಗೆಳೆಯರು ಹೊಸ ಆಟಗಳಲ್ಲಿ ಟೆಕ್ಸ್‌ಚರ್ ಇಳಿಸಿ ಆಡುತ್ತಾರೆ. ನನಗೆ ಇನ್ನೂ ಆ ತಾಪತ್ರಯ ಬಂದಿಲ್ಲ.

ಆದರೆ ಮೊದಲ ತಿಂಗಳು ಹೀಗಿರಲಿಲ್ಲ. ಆಟದ ನಡುವೆ ಚಿತ್ರ ಗಕ್ಕನೆ ನಿಂತು ಮತ್ತೆ ಓಡುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. "ಗೇಮ್ ಇಳಿಸಿದ್ದು ಸರಿ ಇಲ್ಲ" ಅಂದರು. ಮತ್ತೆ ಮಾಡಿದೆ. "ನಿಮ್ಮ ಕಡೆ ಕರೆಂಟ್ ಸರಿ ಇಲ್ಲ, ತೆಗೆದುಕೊಂಡು ಬನ್ನಿ" ಅಂದರು. ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ವಿಟ್ಲದಲ್ಲಿ ಬಸ್ ಬದಲಿಸಿ ಮಂಗಳೂರಿಗೆ ಹೋದೆ. ಅವರು ವಿಂಡೋಸ್ ಫಾರ್ಮ್ಯಾಟ್ ಮಾಡಿ 500 ರೂಪಾಯಿ ತೆಗೆದುಕೊಂಡರು. ಕೊಂಡು ತಿಂಗಳೂ ಆಗದ ಯಂತ್ರಕ್ಕೆ! ಮನೆಗೆ ಬಂದು ನೋಡಿದರೆ ಅದೇ ಕತೆ.

ಆ ರಾತ್ರಿ ಸುಮ್ನೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡುತ್ತಿದ್ದೆ. ಮೆಮೊರಿಯ ವೇಗ 2400 ಎಂದಿತ್ತು. ನಾನು ದುಡ್ಡು ಕೊಟ್ಟದ್ದು 3200ಕ್ಕೆ. ಪಕ್ಕದ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿದೆ. ಎರಡು ರ‍್ಯಾಮ್ ಕಡ್ಡಿಗಳೂ ಸಿಪಿಯು (ಪ್ರೊಸೆಸರು) ಪಕ್ಕದ ಮೊದಲ ಎರಡು ಸ್ಲಾಟಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಆ ಎರಡು ಸ್ಲಾಟುಗಳು ಒಂದೇ ಚಾನೆಲ್‌ನವು, ಅಂದರೆ ಎರಡು ಕಡ್ಡಿಗೂ ಸಿಪಿಯುಗೆ ಹೋಗುವ ದಾರಿ ಒಂದೇ. ಸಿಪಿಯು ಕಡೆಯಿಂದ ಎಣಿಸಿ ಎರಡನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು ಹಾಕಬೇಕು. ಬೋರ್ಡಿನ ಜೊತೆ ಬರುವ ಪುಸ್ತಕದಲ್ಲೇ ಚಿತ್ರ ಸಮೇತ ಇದೆ. ಕಡ್ಡಿ ಬದಲಿಸಿದೆ, ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗಿಗೆ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ಹತ್ತು ನಿಮಿಷದ ಕೆಲಸ. ಆ ಗಕ್ಕನೆ ನಿಲ್ಲುವುದು ಅಲ್ಲಿಗೆ ಹೋಯಿತು. ಮಾನಿಟರ್ ಕೂಡ 60 ಹರ್ಟ್ಜಿನಲ್ಲೇ ಇತ್ತು, ಸೆಟ್ಟಿಂಗಿನಲ್ಲಿ 144 ಮಾಡಿದೆ. ದಿನಾ ಹತ್ತಾರು ಯಂತ್ರ ಜೋಡಿಸುವವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನ್ನ ನಂಬಿಕೆ. ನೋಡುವ ಮನಸ್ಸಿರಲಿಲ್ಲ, ಅಷ್ಟೇ.

ಇದನ್ನಾದರೂ ಮರೆಯಬಹುದಿತ್ತು. 2024ರ ಜನವರಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಒಂದು ಫ್ಯಾನ್ ಕಟಕಟ ಎನ್ನತೊಡಗಿತು. ಆಮೇಲೆ ಸ್ಕ್ರೀನ್ ಕಪ್ಪಾಗತೊಡಗಿತು. ವಾರಂಟಿ ಮೂರು ವರ್ಷ, ಆಗಿದ್ದದ್ದು ಹದಿನಾಲ್ಕು ತಿಂಗಳು. ಕಾರ್ಡು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಕೌಂಟರಿನ ಹುಡುಗ ಅದನ್ನು ಹಾಗೇ ಗಾಜಿನ ಮೇಲೆ, ಚಾ ಗ್ಲಾಸಿನ ಪಕ್ಕ ಇಟ್ಟ. ಪೆನ್ನಿನ ತುದಿಯಿಂದ ಫ್ಯಾನ್ ತಿರುಗಿಸಿ ನೋಡಿದ. ಬಂಗಾರದ ಬಣ್ಣದ ಕನೆಕ್ಟರಿಗೆ ಬೆರಳು ತಾಗುತ್ತಿತ್ತು. ನನ್ನ ಹೊಟ್ಟೆ ಉರಿಯಿತು.

"ಬಾಕ್ಸ್ ಎಲ್ಲಿ?" ಎಂದು ಕೇಳಿದರು. ಜೋಡಿಸುವ ದಿನ ಬಾಕ್ಸುಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡದ್ದು ಅವರೇ. ಮತ್ತೆ ಬಿಲ್ ನೋಡಿ, "ನಿಮ್ಮದು ಕೇರಳ ಅಡ್ರೆಸ್ ಅಲ್ವಾ, ನಮ್ಮಿಂದ ಆಗುವುದಿಲ್ಲ, ಕೊಚ್ಚಿಗೆ ಕಳಿಸಿ" ಅಂದರು. ಕೊಳ್ಳುವಾಗ ಇದೇ ಅಡ್ರೆಸ್ ಆಗಿತ್ತು, ಆಗ ಯಾರಿಗೂ ಅಡ್ಡಿ ಇರಲಿಲ್ಲ. ವಾದ ಮಾಡಿದ ಮೇಲೆ ಕಾರ್ಡು ಇಟ್ಟುಕೊಂಡರು. ಒಂದು ಚೀಟಿಯನ್ನೂ ಕೊಡಲಿಲ್ಲ. ಕೇಳಿ ಕೇಳಿ ಕೊನೆಗೆ ಬಿಲ್ಲಿನ ಹಿಂದೆ ತಾರೀಕು ಬರೆಸಿಕೊಂಡೆ.

47 ದಿನ ಕಾದೆ. ಫೋನ್ ಮಾಡಿದರೆ "ಕಂಪನಿಯಿಂದ ಬಂದಿಲ್ಲ", ಹೋದರೆ "ನಾಳೆ ಬನ್ನಿ". ಮಂಗಳೂರಿನ ಒಳಗೇ ಇರುವವರಿಗೆ ನಾಳೆ ಬರುವುದು ದೊಡ್ಡದಲ್ಲ. ಪೆರ್ಲದವನಿಗೆ ಅದು ಒಂದು ಇಡೀ ದಿನ, ಬಸ್ ಚಾರ್ಜು, ಒಪ್ಪಿಕೊಂಡ ಒಂದು ಕೆಲಸ. ನಾಲ್ಕು ಸಲ ಹೋದೆ. ಎರಡು ವಿಡಿಯೋ ಹೇಳಿದ ಹೊತ್ತಿಗೆ ಕೊಡಲಾಗದೆ ಮಾತು ತಪ್ಪಿದವನಾದೆ. ಅದು ನನಗೆ ಇವತ್ತಿಗೂ ನೋವು.

48ನೇ ದಿನ ಕಾರ್ಡಿನ ಕಂಪನಿಗೇ ಇಮೇಲ್ ಬರೆದೆ. ಬಿಲ್ಲಿನ ಫೋಟೋ, ಸೀರಿಯಲ್ ನಂಬರ್ ಹಾಕಿದೆ. ಕಾರ್ಡಿನ ಹಿಂದಿನ ಸ್ಟಿಕ್ಕರ್‌ನ ಫೋಟೋ ಮೊದಲೇ ತೆಗೆದಿಟ್ಟದ್ದು ಒಳ್ಳೆಯದಾಯಿತು. ಮರುದಿನವೇ ಉತ್ತರ ಬಂತು. ಆ ನಂಬರಿನಲ್ಲಿ ಒಂದು ದೂರೂ ದಾಖಲಾಗಿರಲಿಲ್ಲ. 47 ದಿನ ನನ್ನ ಕಾರ್ಡು ಅಂಗಡಿಯ ಕಪಾಟಿನಲ್ಲೇ ಕೂತಿತ್ತು! ಹೋಗಿ ವಾಪಸ್ ತಂದೆ. ಕಂಪನಿ ಹೇಳಿದ ಹಾಗೆ ಪ್ಯಾಕ್ ಮಾಡಿ ಕಳಿಸಿದೆ. ಹನ್ನೆರಡು ದಿನದಲ್ಲಿ ಬದಲಿ ಕಾರ್ಡು ಮನೆ ಬಾಗಿಲಿಗೆ ಬಂತು. ಬಾಕ್ಸನ್ನು ಯಾರೂ ಕೇಳಲಿಲ್ಲ. ಅಡ್ರೆಸ್ ಕೇರಳದ್ದು ಎಂದೂ ಯಾರೂ ಹೇಳಲಿಲ್ಲ.

ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಒಂದು ವಿಷಯ ಇಲ್ಲೇ ಹೇಳುತ್ತೇನೆ. 2020ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಕಾಯಿದೆಯಲ್ಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಕರ್ನಾಟಕದಲ್ಲಿದ್ದರೂ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಫೀಸು ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇದು ನನಗೆ ಆಗ ಗೊತ್ತಿದ್ದರೆ ಎರಡನೇ ವಾರದಲ್ಲೇ ಮಾಡುತ್ತಿದ್ದೆ.

ಇನ್ನು ನಮ್ಮ ಹವೆ. ಬೇಸಗೆಯಲ್ಲಿ ಕೆಂಪು ಮಣ್ಣಿನ ಧೂಳು, ಚಳಿಗಾಲದಲ್ಲಿ ಅಂಗಳದ ಅಡಿಕೆಯ ಧೂಳು, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾನು ಕ್ಯಾಬಿನೆಟ್ ಬಿಚ್ಚುತ್ತೇನೆ. ಬ್ಲೋವರ್, ಮೆತ್ತನೆ ಬ್ರಶ್ ಸಾಕು. ಗಾಳಿ ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಸುತ್ತಲು ಬಿಡಬಾರದು. ಎರಡನೇ ಮಳೆಗಾಲದಲ್ಲಿ ಹದಿನೈದು ದಿನ ಮನೆಯಲ್ಲಿ ಇರಲಿಲ್ಲ, ಬಂದು ನೋಡಿದರೆ ಆನ್ ಆಗಲಿಲ್ಲ. ರ‍್ಯಾಮ್ ತೆಗೆದು ಕನೆಕ್ಟರನ್ನು ರಬ್ಬರಿನಿಂದ ಹಗುರಕ್ಕೆ ಉಜ್ಜಿ ಹಾಕಿದಾಗ ಸರಿಯಾಯಿತು. ಈಗ ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಒಂದು ಗಂಟೆ ಆನ್ ಇಡುತ್ತೇನೆ. ದೀಪಾವಳಿ ಹೊತ್ತಿನ ಸಂಜೆ ಸಿಡಿಲಿಗೆ ಪ್ಲಗ್ ಮಾತ್ರ ಅಲ್ಲ, ಇಂಟರ್‌ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡಬೇಕು. 1000 ವಿಎಯ ಯುಪಿಎಸ್ ಇದೆ. ಕರೆಂಟ್ ಹೋದರೆ ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಧಾರಾಳ.

ಪ್ರೊಸೆಸರು, ಬೋರ್ಡು, ಪವರ್ ಸಪ್ಲೈ ಒಂದು ದಿನವೂ ಕೈಕೊಟ್ಟಿಲ್ಲ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು. ಇದು 11ಕ್ಕೆ ತಕರಾರಿಲ್ಲದೆ ಹೋಯಿತು. ಇನ್ನೂ ಎರಡು ವರ್ಷ ಇದರಲ್ಲೇ ಕಳೆಯುತ್ತೇನೆ.

2024ರ ಕೊನೆಗೆ ಇನ್ನೊಂದು 16 ಜಿಬಿ ರ‍್ಯಾಮ್ ಹಾಕಿಸಿದೆ. ಈ ಸಲ ಬದಿಯಡ್ಕದ ಒಂದು ಸಣ್ಣ ಅಂಗಡಿಯಲ್ಲಿ. ಮಂಗಳೂರಿಗಿಂತ 300 ರೂಪಾಯಿ ಜಾಸ್ತಿ. ಅವರು ನನ್ನ ಎದುರಿಗೇ ಕಡ್ಡಿ ಹಾಕಿ, ಬಯೋಸ್‌ನಲ್ಲಿ 3200 ತೋರಿಸಿ, ಅರ್ಧ ಗಂಟೆ ಓಡಿಸಿ ನೋಡಿ ಕೊಟ್ಟರು. ಖಾಲಿ ಬಾಕ್ಸನ್ನು ಕೈಗೆ ಕೊಟ್ಟು, "ಇದು ಬಿಸಾಡಬೇಡಿ" ಎಂದೂ ಹೇಳಿದರು. ಅದು ಬಿಲ್ಲಿನ ಜೊತೆ ಅಟ್ಟದ ಮೇಲಿದೆ.